ಹೆಣಿಗೆಯ ಕಡ್ಡಿಯೂ ವಿಮಾನದ ಬಾಗಿಲೂ

ವಿಮಾನಯಾನವು ಧನವಂತರ ಸೊತ್ತೆಂದು ನಾವು ಭಾವಿಸಿದ್ದ ಕಾಲವು ಕಳೆದುಹೋಗಿದೆ. ವಿಶಾಖಪಟ್ಟಣದಿಂದಲೂ ವಿಜಯವಾಡದ ಬಳಿಯ ಗನ್ನವರಂನಿಂದಲೂ ಬೆಂಗಳೂರಿಗೆ ನೇರವಾಗಿ ವಿಮಾನಗಳು ಹಾರುತ್ತಿವೆ. 2017ನೆಯ ಇಸವಿಯ ಏಪ್ರಿಲ್ 27ರಂದು "ಉಡಾನ್" ಯೋಜನೆಯ ಪ್ರಥಮ ವಿಮಾನವು ಸಿಮ್ಲಾದಿಂದ ದೆಹಲಿಗೆ ಹೊರಟಾಗ, ಹವಾಯಿ ಚಪ್ಪಲಿ ಮೆಟ್ಟಿದವನೂ ವಿಮಾನವನ್ನೇರುವಂತಾಗಬೇಕೆಂಬ ಮಾತನ್ನು ಪ್ರಧಾನಮಂತ್ರಿಗಳು ಆಡಿದುದು ಓದುಗರ ನೆನಪಿನಲ್ಲಿರಬಹುದು. ಊರಿನಲ್ಲಿ ಹಿರಿಯರು ಹಾಸಿಗೆ ಹಿಡಿದರೆಂದು ಸುದ್ದಿ ಬಂದಾಗ, ರೈಲಿಗೆ ಕಾಯದೆ, ಸಂಬಳದ ಬಹುಭಾಗವನ್ನು ಟಿಕೇಟಿಗೆ ತೆತ್ತು ಹೊರಡುವ ಹೋಟೆಲ್ ನೌಕರರೂ ಗುಮಾಸ್ತರೂ ಇಂದು ನಮ್ಮಲ್ಲಿ ಅಪರೂಪವಲ್ಲ.

ಆದರೆ ರೈಲಿಗೂ ವಿಮಾನಕ್ಕೂ ಇರುವ ಅಂತರವು ವೇಗದ್ದು ಮಾತ್ರವಲ್ಲ. ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತ ತಾಯಿಯೊಬ್ಬಳು ವಿಶಾಖಪಟ್ಟಣದಿಂದ ಬೆಂಗಳೂರಿನವರೆಗೂ ಸ್ವೆಟರು ಹೆಣೆಯುತ್ತ ಬಂದರೆ ಅವಳನ್ನು ಯಾರೂ ಪ್ರಶ್ನಿಸುವುದಿಲ್ಲ. ಅದೇ ತಾಯಿ ಅದೇ ಕಡ್ಡಿಗಳೊಡನೆ ವಿಮಾನ ನಿಲ್ದಾಣದ ಪರೀಕ್ಷೆಯ ಬಾಗಿಲಿಗೆ ಬಂದೊಡನೆ, ಅವು ಕೈಕೆಲಸದ ಉಪಕರಣಗಳೋ ಆಯುಧಗಳೋ ಎಂಬ ಪ್ರಶ್ನೆಯು ಏಳುತ್ತದೆ. ವಿಷಯವು ಅಲ್ಪವೆಂದು ಕೆಲವರಿಗೆ ತೋರೀತು. ಇಂತಹ ಅಲ್ಪ ವಿಷಯಗಳಲ್ಲಿಯೇ ಸಾಮಾನ್ಯ ಮನುಷ್ಯನಿಗೆ ಸರಕಾರದ ಮುಖದರ್ಶನವಾಗುವುದರಿಂದ ಅದನ್ನು ಇಂದು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ನಾವು ಹೋಟೆಲನ್ನು ನಡೆಸುತ್ತಿದ್ದಾಗ ನಮ್ಮಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತರೊಬ್ಬರ ವೃದ್ಧ ಮಾತೆಯವರು ಕೆಲವು ಕಾಲದ ಹಿಂದೆ ಮಗನ ಮನೆಗೆ ವಿಮಾನದಲ್ಲಿ ಬಂದಿದ್ದರು. ಆಕೆಗೆ ಅದು ಜೀವಮಾನದ ಮೊದಲ ವಿಮಾನ ಪ್ರಯಾಣ. ಬರುವಾಗ ಕೈಚೀಲದಲ್ಲಿದ್ದ ಅಲ್ಯುಮಿನಿಯಂ ಕಡ್ಡಿಗಳನ್ನೂ ಅರ್ಧ ಹೆಣೆದ ಕೂಸಿನ ಸ್ವೆಟರನ್ನೂ ಯಾರೂ ತಡೆಯಲಿಲ್ಲ. ಹಿಂದಿರುಗುವಾಗ ಬೇರೊಂದು ನಿಲ್ದಾಣದಲ್ಲಿ ತಡೆದರು. ಯಾವ ನಿಲ್ದಾಣವೆಂಬುದು ಮುಖ್ಯವಲ್ಲ. ತಡೆದವರು ಒರಟಾಗಿ ಮಾತನಾಡಿದರೆಂದೂ ಆಕೆ ದೂರಲಿಲ್ಲ. ದೊಡ್ಡ ಪೆಟ್ಟಿಗೆಯು ಆಗಲೇ ವಿಮಾನದ ಹೊಟ್ಟೆಯನ್ನು ಸೇರಿತ್ತು. ಸಾಮಾನು ಸ್ವೀಕರಿಸುವ ಕೌಂಟರು ಮುಚ್ಚಿತ್ತು. ಕಡ್ಡಿಯನ್ನು ಸುಮ್ಮನೆ ಎಳೆದರೆ ಕುಣಿಕೆಗಳೆಲ್ಲ ಬಿಚ್ಚಿ ವಾರಗಳ ಕೆಲಸವು ಹಾಳಾಗುವುದೆಂದು ಹೆಣೆಯುವವರೆಲ್ಲರೂ ಬಲ್ಲರು. ಆಕೆ ಬದಿಗೆ ಸರಿದು ಕುಳಿತು, ಮುಡಿಯಲ್ಲಿದ್ದ ಹೇರ್‌ಪಿನ್ನನ್ನು ತೆಗೆದು, ಅದಕ್ಕೆ ಉಣ್ಣೆಯ ಎಳೆಯನ್ನು ಸಿಕ್ಕಿಸಿ, ಕುಣಿಕೆಗಳನ್ನು ಒಂದೊಂದಾಗಿ ಎಳೆಗೆ ದಾಟಿಸಿ, ಬಳಿಕ ಬರಿಯ ಕಡ್ಡಿಗಳನ್ನು ತೊಟ್ಟಿಗೆ ಹಾಕಿದರು. ಹೇರ್‌ಪಿನ್ನನ್ನು ಯಾರೂ ಕೇಳಲಿಲ್ಲ.

ಆ ಕಡ್ಡಿಗಳ ಬೆಲೆಯು ಒಂದು ಊಟದ ಬೆಲೆಗಿಂತ ಹೆಚ್ಚಿನದಲ್ಲ. ಆಕೆಯ ವ್ಯಥೆಯು ಬೆಲೆಗೆ ಸಂಬಂಧಿಸಿದ್ದೂ ಅಲ್ಲ. "ಅಲ್ಲಿ ಬಿಟ್ಟುದನ್ನು ಇಲ್ಲಿ ಏಕೆ ಬಿಡಲಿಲ್ಲ?" ಎಂದಷ್ಟೇ ಆಕೆ ಮಗನನ್ನು ಕೇಳಿದರು. ಆತನಿಗೆ ಉತ್ತರ ತೋಚಲಿಲ್ಲ. ನಮ್ಮನ್ನು ಬಂದು ಕೇಳಿದರು.

ಮೊದಲು ಪರೀಕ್ಷಕರ ಪಕ್ಷವನ್ನು ನ್ಯಾಯವಾಗಿ ನೋಡೋಣ. ಈ ಕಟ್ಟಳೆಗಳು ಯಾರದೋ ವಿನೋದಕ್ಕಾಗಿ ಹುಟ್ಟಿದವಲ್ಲ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ "ಗಂಗಾ" ಎಂಬ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಇಬ್ಬರು ಯುವಕರು ಲಾಹೋರಿಗೆ ಒಯ್ದರು. ಅವರ ಕೈಯಲ್ಲಿದ್ದುದು ಆಟಿಕೆಯ ಪಿಸ್ತೂಲು ಮತ್ತು ಹುಸಿ ಗ್ರೆನೇಡು ಮಾತ್ರ. ಪ್ರಯಾಣಿಕರು ಬದುಕಿ ಬಂದರು, ವಿಮಾನವು ಬೂದಿಯಾಯಿತು. 1976ರ ಸೆಪ್ಟೆಂಬರ್ 10ರಂದು ಮತ್ತೊಂದು ವಿಮಾನವು ಅಪಹೃತವಾದ ಮೇಲೆ 1978ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಎಂಬ ವಿಭಾಗವು ಸ್ಥಾಪಿತವಾಯಿತು. 1985ರ ಜೂನ್ 23ರಂದು "ಕನಿಷ್ಕ" ವಿಮಾನವು ಬಾಂಬಿಗೆ ತುತ್ತಾಗಿ 329 ಜನರು ಅಟ್ಲಾಂಟಿಕ್ ಸಮುದ್ರದ ಪಾಲಾದ ಬಳಿಕ, 1987ರಲ್ಲಿ ಆ ವಿಭಾಗವು ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನವು ಕಂದಹಾರಕ್ಕೆ ಒಯ್ಯಲ್ಪಟ್ಟಿತು. ಆಗ ಪ್ರಯಾಣಿಕನೊಬ್ಬನು ಸತ್ತುದು ಚೂರಿಯ ಇರಿತದಿಂದ. 2001ರ ಸೆಪ್ಟೆಂಬರ್ 11ರಂದು ಅಮೇರಿಕದಲ್ಲಿ ವಿಮಾನಗಳನ್ನು ಅಪಹರಿಸಿದವರು ಪೆಟ್ಟಿಗೆ ಕೊಯ್ಯುವ ಸಣ್ಣ ಅಲಗುಗಳನ್ನು ಬಳಸಿದ್ದರು. ಆಟಿಕೆಯಿಂದಲೂ ಅಂಗುಲದ ಅಲಗಿನಿಂದಲೂ ಇಷ್ಟು ಅನರ್ಥವು ನಡೆದಿರುವಾಗ, ಚೂಪಾದ ಲೋಹದ ಕಡ್ಡಿಯನ್ನು ಕಂಡ ಪರೀಕ್ಷಕನು ಒಂದು ಕ್ಷಣ ತಡೆದರೆ ಅವನನ್ನು ದೂಷಿಸುವಂತಿಲ್ಲ.

ಆದರೆ 2001ರ ಬಳಿಕ ಜಗತ್ತು ಇನ್ನೊಂದು ಪಾಠವನ್ನೂ ಕಲಿಯಿತು. ಚಾಲಕರ ಕೋಣೆಯ ಬಾಗಿಲನ್ನು ಬಲಪಡಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವು 2003ರ ನವೆಂಬರಿನಿಂದ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಅನ್ವಯವಾಯಿತು. ಅಂತಹ ಬಾಗಿಲನ್ನು ಹೆಣಿಗೆಯ ಕಡ್ಡಿಯಿಂದ ತೆರೆಯಲಾಗದು. ಅಮೇರಿಕದ ಭದ್ರತಾ ಇಲಾಖೆಯು 2005ರ ಡಿಸೆಂಬರಿನಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಅಲಗಿನ ಕತ್ತರಿಗಳಿಗೆ ಅನುಮತಿಯಿತ್ತಿತು. ಕತ್ತರಿಗಳನ್ನು ಹೆಕ್ಕುವುದರಲ್ಲಿ ಕಳೆಯುವ ವೇಳೆಯನ್ನು ಸ್ಫೋಟಕಗಳನ್ನು ಹುಡುಕುವುದಕ್ಕೆ ಬಳಸುವುದು ಲೇಸೆಂಬುದೇ ಅದು ಕೊಟ್ಟ ಕಾರಣ. ಹೆಣಿಗೆಯ ಕಡ್ಡಿಗಳನ್ನು ಕೈಚೀಲದಲ್ಲಿ ಒಯ್ಯಬಹುದೆಂದು ಅಮೇರಿಕ, ಬ್ರಿಟನ್ ಮತ್ತು ಕೆನಡ ದೇಶಗಳ ಸರಕಾರಿ ಪಟ್ಟಿಗಳಲ್ಲಿ ಹೆಸರಿಟ್ಟು ಬರೆದಿದೆ. ಕೊನೆಯ ತೀರ್ಮಾನವು ಬಾಗಿಲಲ್ಲಿರುವ ಅಧಿಕಾರಿಯದೆಂದು ಅಮೇರಿಕದವರು ಅದರ ಜತೆಗೇ ಹೇಳಿದ್ದಾರೆ.

ಹಾಗೆಂದು ಎಲ್ಲವನ್ನೂ ಸಡಿಲಿಸಬೇಕೆಂಬುದು ನಮ್ಮ ವಾದವಲ್ಲ. 2013ರಲ್ಲಿ ಅದೇ ಇಲಾಖೆಯು ಸಣ್ಣ ಚೂರಿಗಳನ್ನೂ ಬಿಡಲು ಹೊರಟಾಗ ವಿಮಾನದೊಳಗಿನ ಪರಿಚಾರಕ ವರ್ಗವು ಬಲವಾಗಿ ವಿರೋಧಿಸಿತು. ಜೂನ್ ತಿಂಗಳಲ್ಲಿ ಆ ಯೋಚನೆಯನ್ನು ಕೈಬಿಡಲಾಯಿತು. ಈ ಸಂಗತಿಯನ್ನು ನಮ್ಮ ಓದುಗರು ಬೇರೆಯವರಿಗಿಂತ ಬೇಗ ಗ್ರಹಿಸಬಲ್ಲರು. ಹೋಟೆಲಿನಲ್ಲಿ ಗಿರಾಕಿಯೊಬ್ಬನು ಕೆರಳಿ ಎದ್ದುನಿಂತರೆ ಸಪ್ಲಾಯರನು ಅಡಿಗೆಮನೆಯ ಕಡೆಗಾದರೂ ಸರಿಯಬಹುದು. ಮೂವತ್ತು ಸಾವಿರ ಅಡಿಗಳ ಎತ್ತರದಲ್ಲಿ ಚಹಾ ಕೊಡುವ ಹುಡುಗಿಗೆ ಸರಿಯಲು ಜಾಗವಿಲ್ಲ. ಅವಳ ಅಂಜಿಕೆಗೂ ಕಟ್ಟಳೆಯಲ್ಲಿ ಸ್ಥಾನವಿರಲೇಬೇಕು.

ಹಾಗಾದರೆ ನಮ್ಮ ದೇಶದ ಸ್ಥಿತಿಯೇನು? ಕೈಚೀಲದಲ್ಲಿ ಚೂರಿ, ಕತ್ತರಿ ಹಾಗೂ "ಇತರ ಹರಿತವಾದ ಸಾಧನ"ಗಳು ಕೂಡದೆಂದು ವಿಮಾನ ಕಂಪೆನಿಗಳ ಪಟ್ಟಿಗಳು ಸಾರುತ್ತವೆ. ಈ "ಇತರ" ಎಂಬ ಶಬ್ದದಲ್ಲಿಯೇ ಎಲ್ಲ ತೊಡಕೂ ಅಡಗಿದೆ. ಕಡ್ಡಿಗೆ ತುದಿಯುಂಟು, ಅಲಗಿಲ್ಲ. ಬಿದಿರಿನದಾದರೆ ಒಬ್ಬನಿಗೆ ಅದು ಕಡ್ಡಿ. ಉಕ್ಕಿನದಾದರೆ ಇನ್ನೊಬ್ಬನಿಗೆ ಶೂಲ. ಹೀಗೆ ಒಂದೇ ವಸ್ತುವು ಬೆಳಿಗ್ಗೆ ನಿರಪರಾಧಿಯಾಗಿಯೂ ಸಂಜೆ ಅಪರಾಧಿಯಾಗಿಯೂ ಕಾಣುವುದಕ್ಕೆ ಪರೀಕ್ಷಕನ ದುರ್ಬುದ್ಧಿಯು ಕಾರಣವಲ್ಲ, ಬರಹದ ಅಸ್ಪಷ್ಟತೆಯು ಕಾರಣ. ಆ ತಾಯಿಯ ಪ್ರಶ್ನೆಗೆ ನಮಗೆ ದೊರೆತ ಉತ್ತರವಿದು.

ಅಸ್ಪಷ್ಟತೆಯು ಅನಿವಾರ್ಯವೆಂದು ಯಾರಾದರೂ ಹೇಳಿದರೆ ನಾವು ಒಪ್ಪಲಾರೆವು. ಬರೆಯಬೇಕೆಂದು ಮನಸ್ಸು ಮಾಡಿದಾಗ ನಮ್ಮ ಬ್ಯೂರೋ ಎಷ್ಟು ಖಚಿತವಾಗಿ ಬರೆಯಬಲ್ಲದೆಂಬುದಕ್ಕೆ ಎರಡು ನಿದರ್ಶನಗಳುಂಟು. ಸಿಖ್ ಪ್ರಯಾಣಿಕರು ದೇಶದೊಳಗಿನ ವಿಮಾನಗಳಲ್ಲಿ ಕೃಪಾಣವನ್ನು ಧರಿಸಬಹುದೆಂದೂ, ಅದರ ಅಲಗು 6 ಅಂಗುಲವನ್ನೂ ಒಟ್ಟು ಉದ್ದವು 9 ಅಂಗುಲವನ್ನೂ ಮೀರಬಾರದೆಂದೂ 2022ರ ಮಾರ್ಚಿನ ಆಜ್ಞೆಯಲ್ಲಿ ಬರೆದಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಅದೇ ವರುಷದ ಡಿಸೆಂಬರಿನಲ್ಲಿ ದೆಹಲಿಯ ಹೈಕೋರ್ಟು ವಜಾ ಮಾಡಿತು. ಎರಡನೆಯದು ನಮ್ಮ ಅಯ್ಯಪ್ಪ ಭಕ್ತರಿಗೆ ಚೆನ್ನಾಗಿ ತಿಳಿದ ಸಂಗತಿ. ಶಬರಿಮಲೆಗೆ ಹೋಗುವವರು ಇರುಮುಡಿಯ ತೆಂಗಿನಕಾಯಿಯನ್ನು ತಮ್ಮೊಡನೆಯೇ ಒಯ್ಯಲು 2022ರ ನವೆಂಬರಿನಲ್ಲಿಯೂ ಮತ್ತೆ 2024ರ ಯಾತ್ರಾಕಾಲದಲ್ಲಿಯೂ, ಜನವರಿ 20ರವರೆಗೆಂದು ಅವಧಿಯನ್ನು ಗೊತ್ತುಪಡಿಸಿ, ಅನುಮತಿಯನ್ನು ಕೊಡಲಾಯಿತು. ಇವೆರಡೂ ವಿವೇಕದ ಆಜ್ಞೆಗಳೇ. ಕೃಪಾಣಕ್ಕೆ ಅಳತೆಯನ್ನೂ ಕಾಯಿಗೆ ತಾರೀಖನ್ನೂ ಬರೆಯಬಲ್ಲವರಿಗೆ ಒಂದು ಹೆಣಿಗೆಯ ಕಡ್ಡಿಯ ಉದ್ದವನ್ನು ಬರೆಯುವುದು ಕಷ್ಟವೇ?

ಕಷ್ಟವಲ್ಲ. ಕೇಳಿದವರಿಲ್ಲವೆಂಬುದೇ ನಿಜವಾದ ಕಾರಣವೆಂದು ನಮಗೆ ತೋರುತ್ತದೆ. ಹೆಣಿಗೆಯನ್ನು ಹೆಂಗಸರ ಹೊತ್ತುಗಳೆಯುವ ಕೆಲಸವೆಂದು ತಿಳಿಯುವ ಅಭ್ಯಾಸವು ಹಳೆಯದು. ವಿಜಯವಾಡದಿಂದ ಗುಡಿವಾಡ, ಭೀಮವರಂಗಳ ಮಾರ್ಗವಾಗಿ ರೈಲಿನಲ್ಲಿ ಹೋದರೆ ಸಿಗುವ ನರಸಾಪುರವನ್ನೇ ನೋಡಿರಿ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಮಿಷನರಿಗಳು ಗೋದಾವರಿಯ ಸೀಮೆಗೆ ತಂದ ಕ್ರೋಶೆಯ ಲೇಸಿನ ಕೆಲಸವನ್ನು ಅಲ್ಲಿನ ಸಾವಿರಾರು ಸ್ತ್ರೀಯರು ಮನೆಯ ಜಗಲಿಯಲ್ಲಿ ಕುಳಿತು ಒಂದು ಸಣ್ಣ ಕೊಕ್ಕೆಯಿಂದ ಮಾಡುತ್ತ ಬಂದಿದ್ದಾರೆ. ಅದು ಪರದೇಶಗಳಿಗೆ ರಫ್ತಾಗುವ ಸರಕು. ಮಾರಿಯಾ ಮೀಸ್ ಎಂಬ ಜರ್ಮನ್ ವಿದುಷಿಯು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಲೋಕದ ಪೇಟೆಗೆ ದುಡಿಯುವ ಈ ಸ್ತ್ರೀಯರನ್ನು ಕೇವಲ ಗೃಹಿಣಿಯರೆಂದು ಎಣಿಸಿದ್ದರಿಂದಲೇ ಅವರ ದುಡಿಮೆಯು ಯಾರ ಕಣ್ಣಿಗೂ ಬೀಳದೆ, ಕೂಲಿಯು ಅತ್ಯಲ್ಪವಾಗಿ ಉಳಿಯಿತೆಂದು ತೋರಿಸಿದ್ದಾಳೆ. ಈ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತದ್ದು 2024ರಲ್ಲಿ. ಲೇಸಿಗೆ ಸರಕಾರದ ಮುದ್ರೆಯೊತ್ತಿ, ಅದನ್ನು ಹೆಣೆಯುವ ಕೊಕ್ಕೆಯ ಹೆಸರನ್ನು ಮಾತ್ರ "ಇತರ" ಎಂಬಲ್ಲಿ ಹುದುಗಿಸುವುದು ಯುಕ್ತವೆನಿಸದು.

ಆದುದರಿಂದ ನಾವು ಅಧಿಕಾರಿವರ್ಗವನ್ನು ಮೂರು ವಿಷಯಗಳಲ್ಲಿ ಪ್ರಾರ್ಥಿಸುತ್ತೇವೆ. ಮೊದಲನೆಯದಾಗಿ, ಹೆಣಿಗೆಯ ಕಡ್ಡಿ, ಕ್ರೋಶೆಯ ಕೊಕ್ಕೆ, ಹೊಲಿಗೆಯ ಸೂಜಿ ಇವುಗಳ ಹೆಸರನ್ನೆತ್ತಿ, ಯಾವ ಅಳತೆಯದು, ಯಾವ ವಸ್ತುವಿನದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಬರೆಯಲಿ. ಸಲ್ಲದೆಂದೇ ಬರೆದರೂ ಚಿಂತೆಯಿಲ್ಲ, ಎಲ್ಲ ನಿಲ್ದಾಣಗಳಲ್ಲಿಯೂ ಒಂದೇ ಆಗಿರಲಿ. ಎರಡನೆಯದಾಗಿ, ಆ ಬರಹವು ತೆಲುಗು, ಕನ್ನಡ ಮೊದಲಾದ ಪ್ರಯಾಣಿಕರ ಭಾಷೆಗಳಲ್ಲಿ, ದೊಡ್ಡ ಸಾಮಾನನ್ನು ಒಪ್ಪಿಸುವ ಕೌಂಟರಿಗಿಂತ ಮುಂಚೆಯೇ ಕಣ್ಣಿಗೆ ಬೀಳಲಿ. ಪೆಟ್ಟಿಗೆಯು ಹೋದ ಮೇಲೆ ತಿಳಿಸುವ ನಿಯಮವು ಊಟವಾದ ಮೇಲೆ ತೋರಿಸುವ ದರಪಟ್ಟಿಯಂತೆ. ಮೂರನೆಯದಾಗಿ, ತಡೆದ ನಿರಪಾಯ ವಸ್ತುವನ್ನು ಪ್ರಯಾಣಿಕನ ಖರ್ಚಿನಲ್ಲಿಯೇ ಅಂಚೆಯ ಮೂಲಕ ಅವನ ಮನೆಗೆ ಕಳುಹಿಸುವ ಸೌಕರ್ಯವಿರಲಿ. ಇವು ದೊಡ್ಡ ವೆಚ್ಚದ ಕಾರ್ಯಗಳಲ್ಲ. 2024ರ ಡಿಸೆಂಬರಿನಲ್ಲಿ ಕಲ್ಕತ್ತೆಯ ವಿಮಾನ ನಿಲ್ದಾಣದಲ್ಲಿ ಹತ್ತು ರೂಪಾಯಿಗೆ ಚಹಾ ಕೊಡುವ ಅಂಗಡಿಯನ್ನು ಸರಕಾರವೇ ತೆರೆಯಿಸಿತು. ಚಹಾದ ಲೆಕ್ಕ ಬಲ್ಲ ನಮಗೆ ಅದರ ಮಹತ್ವವು ತಿಳಿದಿದೆ. ವಿಶಾಖಪಟ್ಟಣಕ್ಕೆ ನೆರೆಯಾದ ಶ್ರೀಕಾಕುಳದ ಸಂಸದರಾದ ಶ್ರೀ ರಾಮಮೋಹನ ನಾಯ್ಡುರವರು 2024ರ ಜೂನಿನಲ್ಲಿ ನಾಗರಿಕ ವಿಮಾನಯಾನದ ಖಾತೆಯನ್ನು ವಹಿಸಿಕೊಂಡಾಗ ಈ ಕರಾವಳಿಯ ಜನರು ಹರ್ಷಪಟ್ಟದ್ದುಂಟು. ಆ ಚಹಾದ ಹಿಂದಿದ್ದ ಬುದ್ಧಿಯೇ ಈ ಫಲಕದ ಹಿಂದೆಯೂ ಕೆಲಸ ಮಾಡಲೆಂದು ಹಾರೈಸುತ್ತೇವೆ.

ಅಲ್ಲಿಯವರೆಗೆ ಓದುಗರು ಎಚ್ಚರದಿಂದ ನಡೆದುಕೊಳ್ಳುವುದೇ ಲೇಸು. ಹೋಟೆಲಿನ ಅಡಿಗೆಯವನು ತನ್ನ ಚೂರಿಯನ್ನೂ ಮೆಟ್ಟುಗತ್ತಿಯನ್ನೂ ಕೈಚೀಲದಲ್ಲಿಡುವ ಯೋಚನೆಯನ್ನೇ ಮಾಡುವುದಿಲ್ಲ. ಲೋಹದ ಕಡ್ಡಿಗಳನ್ನೂ ಹಾಗೆಯೇ ದೊಡ್ಡ ಪೆಟ್ಟಿಗೆಯಲ್ಲಿಡಿರಿ. ತುದಿಗಳನ್ನು ಬಟ್ಟೆಯಿಂದ ಸುತ್ತಿರಿ. ಪೆಟ್ಟಿಗೆಯನ್ನು ತೆರೆದು ನೋಡುವ ನೌಕರನ ಕೈಗೆ ಚುಚ್ಚಬಾರದು. ದಾರಿಯಲ್ಲಿ ಹೆಣೆಯಲೇಬೇಕೆನ್ನುವವರು ಬಿದಿರಿನ ಇಲ್ಲವೆ ಪ್ಲಾಸ್ಟಿಕ್ಕಿನ ಗಿಡ್ಡ ಕಡ್ಡಿಗಳನ್ನು ಒಯ್ಯಲಿ. ಅವು ಹೋದರೂ ಹೋಗಬಹುದೆಂದು ತಿಳಿದೇ ಒಯ್ಯಲಿ. ಮನೆಯಿಂದ ಹೊರಡುವ ಮುಂಚೆಯೇ ಕುಣಿಕೆಗಳ ಸಾಲಿನೊಳಗೆ ಬೇರೊಂದು ನೂಲನ್ನು ಹಾಯಿಸಿಟ್ಟರೆ, ಕಡ್ಡಿಯು ಹೋದರೂ ಕೆಲಸವು ಉಳಿಯುತ್ತದೆ. ಕತ್ತರಿಯ ಬದಲು ಎಳೆಗಳನ್ನು ಮನೆಯಲ್ಲಿಯೇ ಕತ್ತರಿಸಿಕೊಳ್ಳಿರಿ. ಮಗಳ ಬಾಣಂತನಕ್ಕೆಂದು ಅಮೇರಿಕಕ್ಕೆ ಹೋಗಿ ಬರುವ ತಾಯಂದಿರು, ಅಲ್ಲಿ ಬಿಟ್ಟ ಕಡ್ಡಿಯನ್ನು ನಡುದಾರಿಯಲ್ಲಿ ವಿಮಾನ ಬದಲಿಸುವಾಗ ಬಿಡಲಿಕ್ಕಿಲ್ಲವೆಂಬುದನ್ನು ಮರೆಯಬಾರದು. ಪವರ್ ಬ್ಯಾಂಕಿನ ವಿಷಯದಲ್ಲಿ ಮಾತ್ರ ಕ್ರಮವು ತಿರುಗುಮುರುಗು: ಅದು ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಕೂಡದು.

ಬಾಗಿಲಲ್ಲಿ ನಿಂತವನೊಡನೆ ಜಗಳವಾಡುವುದರಿಂದ ಫಲವಿಲ್ಲ. ಅವನೂ ನಮ್ಮಂತೆಯೇ ಸಂಬಳಕ್ಕೆ ದುಡಿಯುವವನು. ಬರೆದಿಟ್ಟ ಮಾತಿಗಿಂತ ಹೆಚ್ಚನ್ನು ಅವನು ಮಾಡಲಾರನು. ಬರೆಯುವವರು ಬೇರೆ, ಕಾಗದವನ್ನು ಅವರಿಗೆ ಬರೆಯಬೇಕು. ನಮ್ಮ ಓದುಗರಲ್ಲಿ ಇಂತಹ ಅನುಭವವಾದವರು ದಿನಾಂಕ, ವಸ್ತು, ಅಳತೆ ಇವನ್ನು ಸ್ಪಷ್ಟವಾಗಿ ಬರೆದು ಕಳುಹಿಸಿದಲ್ಲಿ, ಅವೆಲ್ಲವನ್ನೂ ಒಟ್ಟುಗೂಡಿಸಿ ದೆಹಲಿಯ ಬ್ಯೂರೋಗೆ ಮುಟ್ಟಿಸುವ ಹೊಣೆಯನ್ನು ನಾವು ವಹಿಸುತ್ತೇವೆ. ಆ ತಾಯಿಯ ಪ್ರಶ್ನೆಯೇ ಮೊದಲನೆಯ ಕಾಗದವಾಗಿ ಹೋಗಲಿದೆ. ಸ್ವೆಟರು ಬೇರೆ ಕಡ್ಡಿಗಳಿಂದ ಮುಗಿಯಿತೆಂದೂ, ಕೂಸು ಅದನ್ನು ತೊಟ್ಟಿತೆಂದೂ ಆಕೆಯ ಮಗನು ತಿಳಿಸಿದ್ದಾರೆ.