ಕಾಣದ ಮಗ್ಗುಲು

ಕಳೆದ ವರ್ಷದ ವಿಜ್ಞಾನ ಪ್ರದರ್ಶನಕ್ಕಾಗಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯರು ಕಲ್ಪಿತ ಆಕಾಶನೌಕೆಯೊಂದರ ನಾಲ್ಕು ಅಡಿ ಉದ್ದದ ಮಾದರಿಯನ್ನು ಮರ, ರಟ್ಟುಗಳಿಂದ ಕಟ್ಟಿ ಬಣ್ಣ ಹಚ್ಚಿದುದನ್ನು ಅನೇಕ ತಂದೆತಾಯಿಗಳು ನೋಡಿರುವರು. ಅವರಲ್ಲಿ ಕೆಲವರು, “ಅಮ್ಮನವರೇ, ಓದುವ ಕಾಲದಲ್ಲಿ ಹೆಣ್ಣುಮಕ್ಕಳು ಕತೆಯ ವಿಮಾನಕ್ಕೆ ಬಣ್ಣ ಬಳಿಯುವುದರಿಂದ ಪ್ರಯೋಜನವೇನು?” ಎಂದು ನಮ್ಮನ್ನು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ, ಉತ್ತರ ಕೊಡುವುದು ನಮ್ಮ ಕರ್ತವ್ಯ.

ಹುಡುಗಿಯರು ಅನುಸರಿಸಿದುದು ಅಮೆರಿಕದಲ್ಲಿ 1966ರಿಂದ 1969ರ ವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಕಥಾಮಾಲೆಯ ‘ಎಂಟರ್‌ಪ್ರೈಸ್’ ನೌಕೆಯನ್ನು. ಮ್ಯಾಟ್ ಜೆಫ್ರೀಸ್ ಎಂಬವರು ರೂಪಿಸಿದ ಈ ನೌಕೆಯ ದೊಡ್ಡ ಮಾದರಿಯನ್ನು 1964ರಲ್ಲಿ ಕ್ಯಾಲಿಫೋರ್ನಿಯದ ಕುಶಲಕರ್ಮಿಗಳು ಪಾಪ್ಲರ್ ಮರ, ಲೋಹದ ತಗಡು, ಪ್ಲಾಸ್ಟಿಕ್ಕುಗಳಿಂದ ನಿರ್ಮಿಸಿದರು. ಅದರ ಉದ್ದ 11 ಅಡಿಗೂ ಮಿಕ್ಕಿದುದು. ಮುಂದೆ ಒಳಗೆ ದೀಪಗಳನ್ನಿಟ್ಟಾಗ ತಂತಿಗಳನ್ನು ಎಡಮಗ್ಗುಲಿನಿಂದ ಹೊರತಂದರು. ಚಿತ್ರ ತೆಗೆಯುವ ಯಂತ್ರವು ಬಲಮಗ್ಗುಲನ್ನೇ ನೋಡುತ್ತಿದ್ದುದರಿಂದ ಎಡಮಗ್ಗುಲನ್ನು ಪೂರ್ತಿಗೊಳಿಸಲಿಲ್ಲ.

ನಮ್ಮ ಹುಡುಗಿಯರು ಇದನ್ನು ಓದಿಕೊಂಡಿದ್ದರು. ಗೋಡೆಯ ಕಡೆಗಿನ ಮಗ್ಗುಲನ್ನು ಬರಿಯ ರಟ್ಟಾಗಿಯೇ ಬಿಟ್ಟು, “ಟೀಚರ್, ನಿಜವಾದುದೂ ಹಾಗೆಯೇ ಇತ್ತು,” ಎಂದರು. ನಾವು ಸುಮ್ಮನಾದೆವು. ಆದರೆ ಪ್ರದರ್ಶನದ ದಿನ ಜನಸಂದಣಿಯ ನಿಮಿತ್ತ ಮೇಜನ್ನು ಸಭಾಂಗಣದ ನಡುವೆ ಇಡಬೇಕಾಯಿತು. ಹುಡುಗಿಯೊಬ್ಬಳು ಸಂಜೆಯ ವರೆಗೂ ಆ ಬರಿಯ ಮಗ್ಗುಲಿಗೆ ತನ್ನ ಬೆನ್ನನ್ನೇ ಮರೆಮಾಡಿ ನಿಂತಳು, ಊಟಕ್ಕೂ ಹೋಗಲಿಲ್ಲ.

ಮರುವಾರ ಅವರೇ ಬಂದು ಅದನ್ನು ಪೂರ್ತಿಗೊಳಿಸಲು ಅನುಮತಿ ಬೇಡಿದರು. ಎರಡು ಶನಿವಾರ ಮರಳುಕಾಗದದಿಂದ ಉಜ್ಜಿದರು, ಬಣ್ಣ ಕಲಸಿದರು. ಮೊದಲಿನ ಬೂದುಬಣ್ಣವಂತೂ ಮರಳಿ ಬರಲಿಲ್ಲ. ಎಷ್ಟು ಬಿಳಿಗೆ ಎಷ್ಟು ಕಪ್ಪು ಬೆರೆಸಿದರೆಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ.

ಇದೇ ಕಷ್ಟವು ಆ ದೊಡ್ಡ ಮಾದರಿಗೂ ಬಂದಿತ್ತು. 1974ರಲ್ಲಿ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸೇರಿದ ಮೇಲೆ ಹಲವು ಸಲ ದುರಸ್ತಿಯಾಗಿ, ಹಳೆಯ ಬಣ್ಣವು ಹೊಸ ಬಣ್ಣಗಳಡಿ ಮುಚ್ಚಿಹೋಯಿತು. 2016ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ತಜ್ಞರು ಪದರಪದರವಾಗಿ ಉಜ್ಜಿ ಮೂಲ ಬಣ್ಣವನ್ನು ಹುಡುಕಿದರು. ಹಳೆಯ ಛಾಯಾಚಿತ್ರಗಳಿದ್ದರೆ ಕೊಡಿರೆಂದು ಸಾರ್ವಜನಿಕರನ್ನೂ ಕೇಳಿದರು. ತಟ್ಟೆಯಾಕಾರದ ಭಾಗದ ಮೇಲ್ಮೈಯಲ್ಲಿ ಉಳಿದಿದ್ದ ಮೊದಲಿನ ಬಣ್ಣವನ್ನು ಮಾತ್ರ ಹಾಗೆಯೇ ಕಾಪಾಡಿಕೊಂಡರು.

ಅಳೆಯುವುದು, ಬೆರೆಸುವುದು, ಬರೆದಿಡುವುದು, ತಪ್ಪಿದರೆ ಉಜ್ಜಿ ಮತ್ತೆ ಹಚ್ಚುವುದು—ಇದು ವಿಜ್ಞಾನವಲ್ಲದೆ ಮತ್ತೇನು? ಕಸೂತಿಯ ಹಿಂಬದಿಯೂ ಅಚ್ಚುಕಟ್ಟಾಗಿರಬೇಕೆಂದು ನಮ್ಮ ಹಿರಿಯ ಉಪಾಧ್ಯಾಯಿನಿಯರು ನಮಗೆ ಕಲಿಸಿದುದೂ ಇದನ್ನೇ. ಆ ಅಮೆರಿಕದ ಕುಶಲಕರ್ಮಿಗಳನ್ನು ನಾವು ದೂರುವುದಿಲ್ಲ; ನೋಡುವ ಕಣ್ಣು ಯಾವ ಕಡೆಯಿದೆಯೆಂದು ಅವರು ತಿಳಿದಿದ್ದರು. ನಮ್ಮ ಹುಡುಗಿಯರಿಗಾದರೋ, ಮುಂದೆ ಅವರ ಕೆಲಸವನ್ನು ಯಾರು ಯಾವ ಕಡೆಯಿಂದ ನೋಡುವರೆಂಬುದು ತಿಳಿಯದು. ಆದಕಾರಣ ಇಂಥ ಕೆಲಸಕ್ಕೆ ಕೊಟ್ಟ ಶನಿವಾರಗಳು ವ್ಯರ್ಥವಲ್ಲವೆಂಬುದೇ ನಮ್ಮ ಅಭಿಪ್ರಾಯ.

ಮಾದರಿಯು ಈಗ ಪ್ರಯೋಗಶಾಲೆಯ ನಡುವಣ ಮೇಜಿನ ಮೇಲಿದೆ. ಎಡಮಗ್ಗುಲಿನ ಬಣ್ಣವು ಬಲಮಗ್ಗುಲಿಗಿಂತ ತುಸು ಕಪ್ಪು. ಹಳೆಯ ವಿದ್ಯಾರ್ಥಿನಿಯರು ಬಂದಾಗ ಸುತ್ತಲೂ ನಡೆದು ನೋಡಬೇಕೆಂದು ಕೋರುತ್ತೇವೆ. ಎರಡನೆಯ ಸಲದ ಬಣ್ಣದ ಲೆಕ್ಕವನ್ನು ಬರೆದ ಚೀಟಿಯು ನೌಕೆಯ ಅಡಿಯಲ್ಲಿ ಅಂಟಿಸಿದೆ.

— ಮುಖ್ಯೋಪಾಧ್ಯಾಯಿನಿ