ಹಳೆ ಲಾರಿಗೆ ಪೇಂಟ್ ಆಯಿತು, ಬೇರಿಂಗ್ ನೋಡಿದಿರಾ?

1954ರಿಂದ 1969ರವರೆಗೆ ನಡೆದ ಟಾಟಾ-ಮರ್ಸಿಡಿಸ್ ಬೆಂಜ್ ಪಾಲುಗಾರಿಕೆಯ ಲಾರಿಗಳನ್ನು ಕೆಲವರು ಇಂದಿಗೂ ಜೋಪಾನ ಮಾಡಿದ್ದಾರೆ. ಪೇಂಟಿಗೆ ಸಾವಿರಗಟ್ಟಲೆ ಸುರಿಯುತ್ತಾರೆ, ಚಕ್ರದ ಬೇರಿಂಗ್ ಮಾತ್ರ ಬಿಚ್ಚಿ ನೋಡುವುದಿಲ್ಲ. ಇದು ಸರಿಯಲ್ಲ.

ಗ್ಯಾರೇಜಿನ ಕಾಕಂದಿರು ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗಿನ ಅಗಲದ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ತುಂಬುತ್ತಾರೆ. ರೋಲರ್‌ಗಳ ಎಡೆಯಿಂದ ಮೇಲೆ ಗ್ರೀಸ್ ಬಂದರೆ ಮಾತ್ರ ಕೆಲಸ ಮುಗಿದಂತೆ. ಅವಸರದವನು ಹೊರಗೆ ಸವರಿ, ಹಬ್ ತುಂಬ ಗ್ರೀಸ್ ಮೆತ್ತುತ್ತಾನೆ. ಆಗ ರೋಲರ್ ಒಣಗಿಯೇ ಇರುತ್ತದೆ; ಹೆಚ್ಚಾದ ಗ್ರೀಸ್ ಬಿಸಿಗೆ ಕರಗಿ, ಆಯಿಲ್ ಸೀಲ್ ದಾಟಿ ಬ್ರೇಕ್ ಲೈನರಿಗೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಹಿಡಿಯದಿದ್ದರೆ ಹೋಗುವುದು ಜೀವ.

ಅದಕ್ಕೇ ನಾನು ಹೇಳುವುದು, ಒಂದು ಬೇರಿಂಗ್ ಪ್ಯಾಕರ್ ಕೊಳ್ಳಿ. ಅದರ ಎರಡು ಕೋನ್‌ಗಳ ನಡುವೆ ಬೇರಿಂಗ್ ಇಟ್ಟು ಗ್ರೀಸ್ ಗನ್ ಒತ್ತಿದರೆ, ಗ್ರೀಸ್ ರೋಲರ್‌ಗಳ ಸಂದಿಗೇ ನುಗ್ಗುತ್ತದೆ. ಕೈಗೆ ಅಂಟಿದ ಮಣ್ಣು ಒಳಗೆ ಸೇರುವ ಭಯವೂ ಕಡಿಮೆ.

ಆದರೆ ಮೊದಲು ಬೇರಿಂಗನ್ನು ಚಿಮಿಣಿ ಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ರೋಲರಿನಲ್ಲಿ ಗುಳಿಯೋ ಸುಟ್ಟ ನೀಲಿಯೋ ಕಂಡರೆ ಬಿಸಾಡಬೇಕು. ಆ ಕಣ್ಣು ಯಾವ ಪ್ಯಾಕರಿಗೂ ಇಲ್ಲ. ಡಿಪ್ಲೊಮಾದಲ್ಲಿ ನಾನು ಬೇರಿಂಗ್ ಓದಿದ್ದೆ. ನೋಡಲು ಕಲಿತದ್ದು ಕಾಕನ ಪಕ್ಕ ಕೂತು. ಅವರಿರುವಾಗಲೇ ನಮ್ಮ ಮಕ್ಕಳೂ ಕೂರಲಿ.