ಹಳೆಯ ವರದಿಯನ್ನು ಎಸೆಯದಿರಿ

ರಕ್ತಪರೀಕ್ಷೆಯ ಕಾಗದವನ್ನು ಹಿಡಿದು ನಮ್ಮ ಶಾಲೆಯ ಜಗಲಿಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಮಂಗಳೂರಿನಿಂದಲೋ ಕಾಸರಗೋಡಿನಿಂದಲೋ ತಂದ ಆ ಇಂಗ್ಲಿಷ್ ಕಾಗದದಲ್ಲಿ ಅವರು ಬೆರಳಿಟ್ಟು ತೋರಿಸುವುದು ‘ಕ್ರಿಯಾಟಿನಿನ್’ ಎಂಬ ಒಂದು ಸಾಲನ್ನು. “ಮಾಷ್ಟ್ರೇ, ಇದು ಹೆಚ್ಚೋ ಕಮ್ಮಿಯೋ?” ಎಂಬುದು ಪ್ರಶ್ನೆ. ನಾವು ವೈದ್ಯರಲ್ಲ, ಲೆಕ್ಕ ಕಲಿಸುವವರು. ಆದರೆ ಈ ಪ್ರಶ್ನೆಯ ಅರ್ಧ ಭಾಗ ಲೆಕ್ಕಕ್ಕೆ ಸೇರಿದ್ದೇ ಆಗಿದೆ.

ಸ್ನಾಯುಗಳು ದಿನವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹೊರಹಾಕುವ ಕಸವೇ ಕ್ರಿಯಾಟಿನಿನ್. ಮೂತ್ರಪಿಂಡಗಳು ಅದನ್ನು ಸೋಸಿ ತೆಗೆಯುತ್ತವೆ. ಸೋಸುವ ಶಕ್ತಿ ಕುಂದಿದಂತೆ ಅದು ರಕ್ತದಲ್ಲಿ ಉಳಿಯುತ್ತದೆ. ಆದುದರಿಂದ ಅಂಕೆಯನ್ನು ಓದುವಾಗ ಸ್ನಾಯು ಎಷ್ಟಿದೆ ಎಂಬುದನ್ನೂ ನೋಡಬೇಕು. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬವರು 1976ರಲ್ಲಿ ಇದಕ್ಕೊಂದು ಸೂತ್ರವನ್ನು ಕೊಟ್ಟರು: 140ರಿಂದ ವಯಸ್ಸನ್ನು ಕಳೆದು, ದೇಹದ ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸುವುದು, ಸ್ತ್ರೀಯರಾದರೆ ಬಂದುದನ್ನು 0.85ರಿಂದ ಗುಣಿಸುವುದು. 25 ವರ್ಷದ, 70 ಕಿಲೋ ತೂಕದ ತರುಣನಿಗೆ ಅಂಕೆ 1.2 ಇದ್ದರೆ ಉತ್ತರ ಸುಮಾರು 93. ಅದೇ 1.2 ಅರುವತ್ತು ವರ್ಷದ, 48 ಕಿಲೋ ತೂಕದ ಅಜ್ಜಿಯದಾದರೆ ಉತ್ತರ 38ರ ಸಮೀಪ! ಒಂದೇ ಅಂಕೆ, ಎರಡು ಗತಿ. ಇಂದು ಪ್ರಯೋಗಾಲಯಗಳು ಹೊಸ ಸೂತ್ರಗಳಿಂದ ಲೆಕ್ಕ ಹಾಕುವುದರಿಂದ ಉತ್ತರ ತುಸು ಬೇರೆಯಾಗಬಹುದು. ತತ್ತ್ವ ಮಾತ್ರ ಇದೇ.

ಇನ್ನು ರೋಗವು ಮುಂದೆ ಯಾವ ದಾರಿ ಹಿಡಿದೀತು ಎಂಬ ವಿಚಾರ. ಅದೇ 1976ರಲ್ಲಿ ಮಿಚ್ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಒಂದನ್ನು ಕ್ರಿಯಾಟಿನಿನ್ ಅಂಕೆಯಿಂದ ಭಾಗಿಸಿ, ಕಾಲಕ್ರಮದಲ್ಲಿ ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ, ಅನೇಕ ರೋಗಿಗಳಲ್ಲಿ ಅದು ಇಳಿಯುವ ಸರಳರೇಖೆಯಾಗುತ್ತದೆ. ಆ ರೇಖೆಯನ್ನು ಮುಂದಕ್ಕೆ ಎಳೆದರೆ ಮೂತ್ರಪಿಂಡ ಸೋಲುವ ಕಾಲದ ಅಂದಾಜು ಸಿಗುತ್ತದೆ. ಎಲ್ಲರಲ್ಲಿಯೂ ರೇಖೆ ನೇರವಾಗಿರುವುದಿಲ್ಲವೆಂದು ಮುಂದೆ ತಿಳಿದುಬಂತು. ಆದರೂ ಈ ಭಾಗಾಕಾರ ಒಂದು ದೊಡ್ಡ ಸತ್ಯವನ್ನು ತೋರಿಸುತ್ತದೆ. ಅಂಕೆ 1ರಿಂದ 2ಕ್ಕೆ ಏರಿದಾಗ ಶಕ್ತಿಯ ಅರ್ಧ ಹೋಗಿರುತ್ತದೆ. 4ರಿಂದ 5ಕ್ಕೆ ಏರಿದಾಗ ಹೋಗುವುದು ಮೂಲ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ನಮ್ಮವರು 5ನ್ನು ಕಂಡು ಹೌಹಾರುತ್ತಾರೆ, 1.6ನ್ನು ಕಂಡು ‘ಸ್ವಲ್ಪ ಜಾಸ್ತಿ, ಅಷ್ಟೆ’ ಎಂದು ಕಾಗದವನ್ನು ಮಡಚಿಡುತ್ತಾರೆ!

ಕೆನಡಾದ ರೋಗಿಗಳ ದಾಖಲೆಗಳಿಂದ ತಂಗ್ರಿ ಮತ್ತು ಸಂಗಡಿಗರು 2011ರಲ್ಲಿ ರಚಿಸಿದ ಸಮೀಕರಣವು ಇನ್ನೂ ಮುಂದೆ ಹೋಗುತ್ತದೆ. ವಯಸ್ಸು, ಲಿಂಗ, ಸೋಸುವ ಶಕ್ತಿ, ಮೂತ್ರದಲ್ಲಿ ಸೋರುವ ಆಲ್ಬುಮಿನ್ ಈ ನಾಲ್ಕರಿಂದ, ಎರಡು ಅಥವಾ ಐದು ವರ್ಷಗಳೊಳಗೆ ಮೂತ್ರಪಿಂಡ ಸಂಪೂರ್ಣ ಸೋಲುವ ಸಂಭವ ನೂರಕ್ಕೆ ಎಷ್ಟೆಂದು ಅದು ಹೇಳುತ್ತದೆ. ರಕ್ತದ ಕ್ಯಾಲ್ಸಿಯಂ, ಫಾಸ್ಫೇಟ್, ಬೈಕಾರ್ಬನೇಟ್, ಆಲ್ಬುಮಿನ್‌ಗಳನ್ನೂ ಸೇರಿಸಿದ ವಿಸ್ತೃತ ರೂಪವೂ ಇದೆ. ಇದು ಜಾತಕವಲ್ಲ. ನೂರಕ್ಕೆ ಇಪ್ಪತ್ತು ಎಂದರೆ ಅಂಥ ನೂರು ಮಂದಿಯಲ್ಲಿ ಎಂಬತ್ತು ಮಂದಿಗೆ ಆ ಅವಧಿಯಲ್ಲಿ ಹಾಗಾಗದು ಎಂದೂ ಅರ್ಥ.

ಮೊದಲೇ ತಿಳಿದು ಪ್ರಯೋಜನವೇನೆಂದು ಕೇಳುವವರಿದ್ದಾರೆ. ರಕ್ತದೊತ್ತಡ, ಸಕ್ಕರೆಗಳನ್ನು ಹತೋಟಿಯಲ್ಲಿಟ್ಟು, ಸೂಕ್ತ ಔಷಧ ಸೇವಿಸಿದರೆ ಇಳಿಯುವ ವೇಗ ತಗ್ಗುವುದುಂಟು. ಡಯಾಲಿಸಿಸ್ ಬೇಕಾಗುವುದೇ ಆದರೆ ತೋಳಿನ ರಕ್ತನಾಳಗಳನ್ನು ಮೊದಲೇ ಜೋಡಿಸಬೇಕು. ಅದು ಹದಗೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಎಲ್ಲಿಗೆ ಹೋಗುವುದೆಂಬ ಯೋಚನೆಯೂ ಬೇಕು. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಈ ಕಡೆಯ ರೋಗಿಗಳು ಪಟ್ಟ ಪಾಡನ್ನು ನಾವೆಲ್ಲ ಕಂಡಿದ್ದೇವೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರೋ ರಕ್ತದೊತ್ತಡದವರೋ ಇದ್ದರೆ ಒಂದು ನೋಟುಪುಸ್ತಕ ಇಡಿರಿ. ತಾರೀಕು, ಕ್ರಿಯಾಟಿನಿನ್, ತೂಕ ಬರೆಯಿರಿ. ಆ ದಿನಗಳಲ್ಲಿ ವಾಂತಿಭೇದಿ ಇತ್ತೇ, ಗಂಟುನೋವಿಗೆಂದು ಅಂಗಡಿಯ ಮಾತ್ರೆ ನುಂಗಿದ್ದುಂಟೇ ಎಂಬುದನ್ನೂ ಬರೆಯಿರಿ. ಇವುಗಳಿಂದ ಅಂಕೆ ತಾತ್ಕಾಲಿಕವಾಗಿ ಏರಬಹುದು. ಮೂರು ತಿಂಗಳಿಗೂ ಮಿಕ್ಕಿ ಶಕ್ತಿ 60ಕ್ಕಿಂತ ಕೆಳಗೇ ನಿಂತರೆ ಅದನ್ನು ದೀರ್ಘಕಾಲದ ರೋಗವೆಂದು ಗಣಿಸುತ್ತಾರೆ. ವೈದ್ಯರ ಬಳಿಗೆ ಹೋಗುವಾಗ ಹೊಸ ಕಾಗದದ ಜೊತೆಗೆ ಈ ಪುಸ್ತಕವನ್ನೂ ಒಯ್ಯಿರಿ.